ಡಮಾಸ್ಕಸ್ ಉಕ್ಕಿನ ಕ್ಷೌರದ ಕತ್ತಿ ಮಾಮೂಲಿ ಕತ್ತಿಗಿಂತ ಚೆನ್ನಾಗಿ ಬೋಳಿಸುತ್ತದೆಯೇ?

ಇಲ್ಲ. ನೋಡೋಕೆ ಚೆಂದ, ಅಷ್ಟೇ.

ಈಗಿನ ಡಮಾಸ್ಕಸ್ ಉಕ್ಕಿನ ಮೈಮೇಲೆ ಕಾಣುವ ಅಲೆಅಲೆ ಚಿತ್ತಾರ ಬರುವುದು ಹೇಗೆ ಅಂದರೆ, ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದು ಇಟ್ಟು, ಕಾಸಿ, ಬಡಿದು, ಮಡಚಿ ಬೆಸೆಯುತ್ತಾರೆ. ಸಾಮಾನ್ಯವಾಗಿ ಒಂದರಲ್ಲಿ ಸ್ವಲ್ಪ ನಿಕ್ಕಲ್ ಇರುತ್ತದೆ. ಕೊನೆಗೆ ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಅದ್ದಿದಾಗ ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿದು ಇನ್ನೊಂದು ಕಪ್ಪಾಗುತ್ತದೆ. ಈ ಬಣ್ಣ ಮೇಲ್ಮೈಯದು ಮಾತ್ರ. ಸಾಣೆ ಕಲ್ಲಿಗೆ ಉಜ್ಜಿದ ಕಡೆ, ಅಂದರೆ ಕತ್ತಿಯ ಹರಿತವಾದ ಬಾಯಿಯ ಅಂಚಲ್ಲೂ ಅದರ ಬೆನ್ನಲ್ಲೂ, ಚಿತ್ತಾರ ಮಾಸಿ ಬೆಳ್ಳನೆ ಗೆರೆ ಕಾಣುತ್ತದೆ.

ಈಗ ಲೆಕ್ಕ ನೋಡಿ. 2 ಮಿ.ಮೀ. ದಪ್ಪದಲ್ಲಿ 100 ಪದರ ಇದ್ದರೆ ಒಂದೊಂದೂ 20 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು). ಚೆನ್ನಾಗಿ ಮಸೆದ ಬಾಯಿಯ ತುದಿ 1 ಮೈಕ್ರಾನಿಗಿಂತ ತೆಳು. ಹಾಗಾಗಿ ಒಂದು ಕೂದಲಿಗೆ ಒಂದು ಜಾಗದಲ್ಲಿ ತಾಗುವುದು ಹೆಚ್ಚಾಗಿ ಒಂದೇ ಉಕ್ಕು, ಪಕ್ಕದಲ್ಲಿ ಇನ್ನೊಂದು. ಎರಡೂ ಒಂದೇ ಥರ ಸವೆಯದಿದ್ದರೆ ಬಾಯಿ ಏರುಪೇರಾಗಬಹುದು. "ಗರಗಸದಂತೆ ಕತ್ತರಿಸುತ್ತದೆ" ಅಂತ ಹೊಗಳುತ್ತಾರಲ್ವಾ, ಮುಖಕ್ಕೆ ಗರಗಸ ಯಾರಿಗೆ ಬೇಕು?

ಜಾಸ್ತಿ ಮುಖ್ಯವಾದದ್ದು ಹದ, ಅಂದರೆ ಉಕ್ಕನ್ನು ಕಾಸಿ ತಣಿಸಿ ಗಡಸು ಮಾಡುವ ರೀತಿ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸು, ಉಕ್ಕಿನ ಕಣ ಸಣ್ಣದು, ಬೆನ್ನು ಬಾಯಿ ಎರಡೂ ನೇರ, ಇಷ್ಟಿದ್ದರೆ ಸಾದಾ ಕಾರ್ಬನ್ ಉಕ್ಕೇ ಸಾಕು. ಚಿತ್ತಾರ ಬೇಕೇಬೇಕು ಅಂದರೆ ನಡುವೆ ಒಂದೇ ಗಟ್ಟಿ ಉಕ್ಕಿದ್ದು, ಎರಡು ಮಗ್ಗುಲಿಗೆ ಮಾತ್ರ ಚಿತ್ತಾರದ ಪದರ ಹೊದಿಸಿರುವುದನ್ನು ಕೊಳ್ಳಿ.