ಬಡವರ ಮನೇಲಿ ಒಬ್ಬರು ಕಲಿತ್ರೆ ಊರೇ ಬದಲಾಗ್ತದೆ ಅಂತಾರಲ್ಲ, ಅದು ಹೇಗೆ?

ಬದಲಾಗೋದು ನಿಜ. ಆದ್ರೆ ಸರ್ಟಿಫಿಕೇಟಿಂದ ಮಾತ್ರ ಅಲ್ಲ, 'ನಮ್ಮಂಥವರಿಗೂ ಆಗ್ತದೆ' ಅನ್ನೋ ನಂಬಿಕೆ ಪಕ್ಕದ ಮನೆಗೂ ಹೋಗೋದ್ರಿಂದ. ದೂರದ ದೊಡ್ಡವರ ಕಥೆ ಕೇಳಿದ್ರೆ ಅವರಿಗಾಯ್ತು ಬಿಡಿ ಅಂತೇವೆ, ಬೇಲಿ ಆಚೆಯ ಹುಡುಗಿ ಮಾಡಿದ್ರೆ ಹಾಗೆ ಹೇಳೋಕಾಗಲ್ಲ.

ನಮ್ಮ ಕಾಸರಗೋಡು ಕಡೆ ಒಂದು ಮನೇಲಿ ತಾಯಿ ಜಗಲಿಯಲ್ಲಿ ಕೂತು ಬೀಡಿ ಕಟ್ತಾರೆ, ಮಗಳು ಕನ್ನಡ ಮೀಡಿಯಂನಲ್ಲೇ ಓದಿ ನರ್ಸ್ ಆದ್ಳು. ಮೊದಲು ಮಲಯಾಳದಲ್ಲಿ ಒಂದು ಕಾಗದ ಬಂದ್ರೆ ಓದ್ಸೋಕೆ ಜನ ಹುಡುಕ್ಬೇಕಿತ್ತು, ಈಗ ಸುತ್ತಲಿನ ಅಜ್ಜಿಯಂದ್ರ ಪೆನ್ಶನ್ ಫಾರ್ಮೆಲ್ಲ ಅವಳೇ ತುಂಬಿಸಿ ಕೊಡ್ತಾಳೆ, ಅದನ್ನ ನೋಡಿ ಹತ್ತನೇ ಕ್ಲಾಸಿಗೇ ನಿಲ್ಲಿಸ್ತೇವೆ ಅಂತಿದ್ದ ಪಕ್ಕದ ಮನೆಯವರು ಮಗಳನ್ನ ಪ್ಲಸ್ ಟುಗೆ ಸೇರ್ಸಿದ್ರು. ಇಷ್ಟೇ ವಿಷಯ, ಆದ್ರೆ ನನಗೆ ಇದು ತುಂಬ ದೊಡ್ಡದು.

1991ರ ಏಪ್ರಿಲ್ 18ಕ್ಕೆ ಕೋಝಿಕ್ಕೋಡಲ್ಲಿ ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಿಸಿದ್ದು ಕೂಡ ಮಂತ್ರಿ ಅಲ್ಲ, ವಯಸ್ಸಾದ್ಮೇಲೆ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ. ಅವರನ್ನ ನೋಡಿದ ಎಷ್ಟು ಅಮ್ಮಂದ್ರಿಗೆ ಧೈರ್ಯ ಬಂದಿರ್ಬೇಕು!

ಆಸೆ ಒಂದೇ ಇದ್ರೂ ಸಾಲದು. ಹತ್ತಿರ ಶಾಲೆ, ಬಸ್ಸು, ಮಕ್ಕಳಿಗೆ ಅರ್ಥ ಆಗೋ ಭಾಷೆಯಲ್ಲಿ ಪಾಠ ಇವೆಲ್ಲ ಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯ ಒದಗಿಸೋಕೆ ಸರ್ಕಾರ ಪ್ರಯತ್ನಿಸ್ಬೇಕು ಅಂತ ಸಂವಿಧಾನದ 350ಎ ವಿಧಿಯಲ್ಲೇ ಉಂಟು, ನಿಮ್ಮೂರ ಶಾಲೆಗೆ ಕನ್ನಡ ಟೀಚರ್ ಇಲ್ಲದಿದ್ರೆ ಅದನ್ನ ಹಿಡ್ಕೊಂಡೇ ಕೇಳಿ.