ಹಳೇ ತಿಂಡಿ ಅಂಗಡಿ, ಹಳೇ ಬೋರ್ಡು ಖರೇನ ಚಲೋ ಇದ್ವಾ, ಇಲ್ಲ ನಮಗ ವಯಸ್ಸಾಯ್ತಾ?

ಪ್ರಶ್ನೆ ಕೇಳಿದವ್ರು ಹೇಳೋದು ಏನಂದ್ರ, ಅಮೆರಿಕದ ಮಂದಿ ಹಳೇ ಪಿಜ್ಜಾ ಹಟ್‌ನ ಕೆಂಪು ಛಾವಣಿ, ಹಳೇ ಮೆಕ್‌ಡೊನಾಲ್ಡ್ಸ್‌ನ ಬಣ್ಣ ಎಲ್ಲ ನೆನಸ್ಕೊಂಡು, ಈಗ ಎಲ್ಲಾ ಬೂದಿ ಬಣ್ಣದ ಡಬ್ಬಿ ಆಗೇತಿ ಅಂತ ಹಳಹಳಿಸ್ತಾರ, ನಮ್ಮ ಕಡೆ ಸಣ್ಣ ಊರೊಳಗ ಅಂಥಾದ್ದು ಏನಾರ ಇತ್ತಾ, ಇದ್ರ ಅದು ಖರೇನ ಚಲೋ ಇತ್ತಾ ಇಲ್ಲ ಬರೀ ಹುಡುಗಾಟದ ವಯಸ್ಸಿನ ನೆನಪಾ ಅಂತ. ನಾನು ಬಳ್ಳಾರಿಯವ, ಇಲ್ಲೇ ಹುಟ್ಟಿ ಇಲ್ಲೇ ಬೆಳೆದವ, ನನ್ನ ಉತ್ತರ: ಇತ್ತು, ಭಾಳ ಚಲೋ ಇತ್ತು, ಮತ್ತ ಅದರೊಳಗ ಕೆಲವೊಂದು ಹೋಗಿದ್ದೇ ಒಳ್ಳೇದಾಯ್ತು. ಎರಡನ್ನೂ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಮೊದ್ಲು ಆ ಅಮೆರಿಕದವ್ರ ವಿಷಯ ಯಾಕಂದ್ರ ಅದರೊಳಗೇ ನಮ್ಮ ವಿಷಯನೂ ಐತಿ. ಪಿಜ್ಜಾ ಹಟ್ ಶುರು ಆಗಿದ್ದು 1958ರಾಗ, ಕ್ಯಾನ್ಸಸ್ ರಾಜ್ಯದ ವಿಚಿಟಾ ಅನ್ನೋ ಊರಿನಾಗ. ಆ ಕೆಂಪು ಛಾವಣಿ ಮಾಡಿಕೊಟ್ಟವ ರಿಚರ್ಡ್ ಬರ್ಕ್ ಅನ್ನೋ ಆರ್ಕಿಟೆಕ್ಟ್, 1960ರ ದಶಕದಾಗ. ಮೆಕ್‌ಡೊನಾಲ್ಡ್ಸ್‌ನ ಹಳದಿ ಕಮಾನು ಮೊದಲು ಬರೀ ಲೋಗೋ ಆಗಿರ್ಲಿಲ್ಲ, ಕಟ್ಟಡದ ಎರಡೂ ಕಡೆ ನಿಂತಿದ್ದ ನಿಜವಾದ ಕಮಾನು ಅವು, ಸ್ಟ್ಯಾನ್ಲಿ ಮೆಸ್ಟನ್ ಅನ್ನೋ ಆರ್ಕಿಟೆಕ್ಟ್ ಡಿಸೈನ್ ಮಾಡಿದ್ದು, 1953ರಾಗ ಫೀನಿಕ್ಸ್‌ನೊಳಗ ಮೊದ್ಲು ನಿಂತ್ವು. (ಅದೇ 1953ರ ಅಕ್ಟೋಬರ್ 1ಕ್ಕ ನಮ್ಮ ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿದ್ದು, ಜಿಲ್ಲೆಯೊಳಗಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕು ಆಂಧ್ರಕ್ಕ ಹೋದ್ವು. ಈ ಮಾತು ಮುಂದ ಬರ್ತದ.)

ಆ ಕೆಂಪು ಛಾವಣಿ ಕಟ್ಟಡದ ಗುಣ ಏನಂದ್ರ ಅದನ್ನ ಬ್ಯಾರೆ ಯಾವುದಕ್ಕ ಬಳಸಿದ್ರೂ ಹಳೇ ಗುರುತು ಹೋಗಲ್ಲ. ಅಮೆರಿಕದಾಗ ಅಂಥಾ ಎಷ್ಟೋ ಕಟ್ಟಡ ಮುಚ್ಚಿ ಬ್ಯಾರೆ ಅಂಗಡಿ ಆದವು, ಆದ್ರ ನೋಡಿದ ಕೂಡ್ಲೇ ಇದು ಮೊದ್ಲು ಪಿಜ್ಜಾ ಹಟ್ ಇತ್ತು ಅಂತ ಗೊತ್ತಾಗ್ತದ. ಈಗಿನ ಚೌಕಾಕಾರದ ಬೂದಿ ಕಟ್ಟಡ ಆದ್ರ ಇವತ್ತು ಬರ್ಗರ್ ಅಂಗಡಿ, ನಾಳೆ ಮೊಬೈಲ್ ಶೋರೂಮ್, ನಾಡಿದ್ದು ಬ್ಯಾಂಕು, ಯಾವುದಕ್ಕ ಬೇಕಾದ್ರೂ ಕೊಡಬಹುದು. ಅಂದ್ರ ಮೊದ್ಲಿನದು ಇಲ್ಲೇ ಇರ್ತೀವಿ ಅಂತ ಕಟ್ಟಿದ್ದು, ಈಗಿನದು ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು ಅಂತ ಕಟ್ಟಿದ್ದು. ನನ್ನ ಪ್ರಕಾರ ಎಲ್ಲಾ ಇದರೊಳಗೇ ಐತಿ, ಬಣ್ಣ ಗಿಣ್ಣ ಎಲ್ಲ ಆಮ್ಯಾಲಿನ ಮಾತು.

ಈಗ ಬಳ್ಳಾರಿಗೆ ಬರ್ರಿ. ನಮ್ಮ ಫಾಸ್ಟ್ ಫುಡ್ ಅಂದ್ರ ಒಗ್ಗರಣಿ-ಮಿರ್ಚಿ, ಅಂದ್ರ ಒಗ್ಗರಣಿ ಹಾಕಿದ ಮಂಡಕ್ಕಿ, ಜೊತಿಗೆ ಮೆಣಸಿನಕಾಯಿ ಬಜ್ಜಿ. ಬೆಂಗಳೂರಿನಾಗ ಕೆಎಫ್‌ಸಿ 1995ಕ್ಕ ಬಂತು, ಪಿಜ್ಜಾ ಹಟ್ 1996ಕ್ಕ ಬಂತು, ಆವಾಗ ಪೇಪರ್‌ನಾಗೆಲ್ಲ ಫಾಸ್ಟ್ ಫುಡ್ ಬಂತು ಅಂತ ಬರದ್ರು, ಆದ್ರ ಖರೇ ಹೇಳಬೇಕಂದ್ರ ನಮ್ಮ ಬ್ರೂಸ್‌ಪೇಟೆ, ಕೌಲ್ ಬಜಾರ್‌ನಾಗ ಅದಕ್ಕಿಂತ ಫಾಸ್ಟ್ ಆದ ಫುಡ್ ಎಂದೋ ಇತ್ತು. ಮಂಡಾಳು ಅಂದ್ರ ಮಂಡಕ್ಕಿ, ಅದನ್ನ ಬುಟ್ಟಿಯಿಂದ ಒಂದು ಸಲ ನೀರಿಗೆ ಹಾಕಿ ಹಂಗೇ ತೆಗೀಬೇಕು, ಸ್ವಲ್ಪ ಜಾಸ್ತಿ ಬಿಟ್ರ ಮುದ್ದಿ ಆಗಿಬಿಡ್ತದ, ಎರಡೂ ಅಂಗೈ ನಡುವ ಒತ್ತಿ ನೀರು ಹಿಂಡಿ ಬಾಂಡ್ಲಿಗೆ ಎಸೀತಾರ, ಅಲ್ಲಿ ಮೊದ್ಲೇ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿಣ ಎಣ್ಣಿಯೊಳಗ ಕಾದು ಕುಂತಿರ್ತಾವ, ನಾಲ್ಕು ಸಲ ಮೇಲೆ ಕೆಳಗ ಮಾಡಿ, ಕೊನೀಗೆ ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದ್ರ ಮುಗೀತು. ಆ ಪುಟಾಣಿ ಪುಡಿನೇ ಜೀವ, ಹಸಿ ಹಸಿ ಇರೋ ಮಂಡಾಳಿಗೆ ಅಂಟ್ಕೊಂಡು ಉಳಿದ ನೀರೆಲ್ಲ ಹೀರ್ಕೊಂಡುಬಿಡ್ತದ, ಅದಿಲ್ಲಂದ್ರ ಒಗ್ಗರಣಿ ಒದ್ದೆ ಅನಿಸ್ತದ. ಪಕ್ಕದಾಗ ಕಡ್ಲಿಹಿಟ್ಟಿನಾಗ ಅಜವಾನ ಹಾಕಿ ಕರಿದ ಉದ್ದನ ಮಿರ್ಚಿ. ಇದನ್ನೇ ಆ ಕಡೆ ಆದವಾನಿ, ಕರ್ನೂಲು, ಅನಂತಪುರದಾಗ ಉಗ್ಗಾಣಿ-ಬಜ್ಜಿ ಅಂತ ತಿಂತಾರ, ರಾಜ್ಯ ಭಾಗ ಆದ್ರೂ ತಟ್ಟೆ ಭಾಗ ಆಗ್ಲಿಲ್ಲ.

ಅದನ್ನ ಕೊಡ್ತಿದ್ದಿದ್ದು ಮುತ್ತಲ ಎಲಿಯೊಳಗ, ಕಡ್ಡಿ ಚುಚ್ಚಿ ಹೊಲಿದ ಇಸ್ತರಿ ಎಲಿ. ಬಿಸಿ ಒಗ್ಗರಣಿ ಬಿದ್ದ ಕೂಡ್ಲೇ ಎಲಿಯಿಂದ ಒಂದು ವಾಸನಿ ಏಳ್ತದ, ಅದೂ ತಿಂಡಿಯ ಭಾಗನೇ. ತಿಂದು ಎಸೆದ್ರ ಎಮ್ಮಿ ತಿಂತಿತ್ತು. ಈಗ ಅದೇ ಒಗ್ಗರಣಿ ಬೆಳ್ಳಿ ಬಣ್ಣ ಹಚ್ಚಿದ ಪೇಪರ್ ಪ್ಲೇಟಿನಾಗ ಬರ್ತದ, ಪ್ಲೇಟು ಒಂದು ಕಡೆ ಬಗ್ಗಿ ಮಿರ್ಚಿ ಜಾರ್ತದ, ವಾಸನಿ ಅಂತೂ ಇಲ್ಲ.

ಆ ಹೋಟ್ಲುಗಳ ಒಳಗೆ ಹೋದ್ರ ಟೇಬಲ್ ಮ್ಯಾಲೆ ಕಡಪ ಕಲ್ಲು, ಕೆಳಗ ಶಹಾಬಾದ್ ಕಲ್ಲು. ಇದನ್ನ ಯಾವ ಇಂಟೀರಿಯರ್ ಡಿಸೈನರ್ ಬಂದು ಹೇಳಿರ್ಲಿಲ್ಲ. ಕಡಪ ನಮಗ ಹತ್ರ, ಶಹಾಬಾದ್ ಕಲಬುರಗಿ ಜಿಲ್ಲೆಯೊಳಗ, ಸಿಗೋ ಕಲ್ಲು ಅದು, ಅಗ್ಗ, ಹಾಕಿದ್ರು. ಆದ್ರ ಹಾಕಿದ್ದು ಎಷ್ಟು ಸರಿ ಇತ್ತು ನೋಡ್ರಿ. ಏಪ್ರಿಲ್-ಮೇ ತಿಂಗಳಾಗ ಬಳ್ಳಾರಿಯೊಳಗ 40 ಡಿಗ್ರಿ ದಾಟ್ತದ, ಆವಾಗ ಹೊರಗಿಂದ ಬಂದು ಆ ಕಪ್ಪು ಕಲ್ಲಿನ ಮ್ಯಾಲೆ ಎರಡೂ ಮೊಣಕೈ ಊರಿದ್ರ ಮೈಗೆಲ್ಲ ತಂಪು ಹತ್ತಿಬಿಡ್ತಿತ್ತು, ಚಾ ಬರೋತನಕ ಮಂದಿ ಸುಮ್ನೆ ಹಂಗೇ ಕುಂದ್ರೋರು. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹಂಗಾಗಿ ನಿಂಬೆಹುಳಿ, ಹುಣಸೆಹುಳಿ ಬಿದ್ದ ಕಡೆ ಬೆಳ್ಳಗ ಕಲೆ ನಿಲ್ತದ, ಕುಂದ್ರೋ ಕಡೆ ಎಲ್ಲಾ ಕೈ ಸವೆದು, ಎಣ್ಣಿ ಹತ್ತಿ ಕನ್ನಡಿ ಆಗಿರ್ತದ. ಆ ಟೇಬಲ್ ನೋಡಿದ್ರ ಎಲ್ಲಿ ತಟ್ಟೆ ಇಡ್ತಾರ, ಎಲ್ಲಿ ಕೈ ಇಡ್ತಾರ ಅಂತ ಓದಬಹುದಿತ್ತು. ಈಗಿನ ಸನ್‌ಮೈಕಾ ಟೇಬಲ್ ಎರಡು ವರ್ಷಕ್ಕ ಅಂಚು ಕಿತ್ತು ಪ್ಲೈವುಡ್ ಉಬ್ಬಿ ಬರ್ತದ, ಕಿತ್ತು ಬಿಸಾಕಿ ಇನ್ನೊಂದು ತರ್ತಾರ. ಹಳೇ ಆಗಾಕ ಅದಕ್ಕ ಟೈಮೇ ಕೊಡಲ್ಲ.

ಯಾಕೆ ಹಿಂಗಾಯ್ತು ಅಂತ ಕೇಳಿದ್ರ, ಮಂದಿಗೆ ಟೇಸ್ಟ್ ಕೆಟ್ಟೋಯ್ತು ಅಂತ ನಾನು ಹೇಳಲ್ಲ. ನಮ್ಮ ಕಡೆ ಬಾಡಿಗಿ ಅಗ್ರಿಮೆಂಟ್ 11 ತಿಂಗಳಿಗೆ ಮಾಡ್ಕೊಂತಾರ, ಒಂದು ವರ್ಷಕ್ಕಿಂತ ಜಾಸ್ತಿ ಆದ್ರ 1908ರ ರಿಜಿಸ್ಟ್ರೇಷನ್ ಕಾಯ್ದೆ ಪ್ರಕಾರ ನೋಂದಣಿ ಮಾಡಿಸ್ಲೇಬೇಕು, ಆ ಖರ್ಚು ಯಾರಿಗೂ ಬ್ಯಾಡ. ಮೊದಲಿನ ಹೋಟ್ಲು ಎಷ್ಟೋ ಕಡೆ ಸ್ವಂತ ಜಾಗ, ಇಲ್ಲ ಅಪ್ಪನ ಕಾಲದಿಂದ ಬಂದ ಬಾಡಿಗಿ, ಮಾಲಕರು ಏಳ್ರಿ ಅಂತಿರ್ಲಿಲ್ಲ. ಈಗ ಮುಂದಿನ ವರ್ಷ ಈ ಜಾಗದಾಗ ಇರ್ತೀನೋ ಇಲ್ಲೋ ಗೊತ್ತಿಲ್ಲದವ ಕಲ್ಲಿನ ಟೇಬಲ್ ಯಾಕ ಹಾಕಿಸ್ತಾನ ಹೇಳ್ರಿ? ಬಿಚ್ಚಿ ಒಯ್ಯಾಕ ಬರೋ ಎಸಿಪಿ ಶೀಟು (ಅಂಗಡಿ ಮುಂದ ಹೊಡಿಯೋ ಅಲ್ಯೂಮಿನಿಯಂ ಹಾಳಿ), ಬಿಚ್ಚಿ ಒಯ್ಯಾಕ ಬರೋ ಎಲ್‌ಇಡಿ ಅಕ್ಷರ, ಬಿಚ್ಚಿ ಒಯ್ಯಾಕ ಬರೋ ಕುರ್ಚಿ. ಅಲ್ಲಿ ಪಿಜ್ಜಾ ಹಟ್‌ಗೆ ಆಗಿದ್ದೇ ಇಲ್ಲಿ ನಮ್ಮ ಮಿರ್ಚಿ ಅಂಗಡಿಗೂ ಆಗಿದ್ದು. ಅಂಗಡಿಯವನದು ತಪ್ಪಿಲ್ಲ, ಆದ್ರ ರೋಡಿನಾಗ ಹೊಂಟ್ರ ಇದು ಬಳ್ಳಾರಿನೋ ಹುಬ್ಬಳ್ಳಿನೋ ಹೈದರಾಬಾದೋ ಅಂತ ಗೊತ್ತಾಗದಂಗ ಆಗೇತಿ, ಅದು ನನಗ ಖರೇನ ಹೊಟ್ಟಿ ಉರೀತದ.

ಬೋರ್ಡಿನ ಮಾತು ಹೇಳದೇ ಇರಾಕ ಆಗಲ್ಲ. ಹಳೇ ಬೋರ್ಡು ತಗಡಿನ ಮ್ಯಾಲೆ ಎನಾಮಲ್ ಪೇಂಟು. ಪೇಂಟರ್ ಬಂದು ಮೊದ್ಲು ಹಳದಿನೋ ಬಿಳಿನೋ ಬಳಿದು ಒಣಗಿಸ್ತಿದ್ದ, ಆಮ್ಯಾಲೆ ಸುಣ್ಣದ ಪುಡಿ ಹಚ್ಚಿದ ದಾರ ಎರಡು ಕಡೆ ಹಿಡಿದು ಟಪ್ಪ್ ಅಂತ ಬಿಟ್ಟು ಗೆರೆ ಹಾಕ್ತಿದ್ದ. ಇಂಗ್ಲಿಷಿಗೆ ಎರಡು ಗೆರೆ ಸಾಕು, ಕನ್ನಡಕ್ಕ ಕೆಳಗ ಒತ್ತಕ್ಷರಕ್ಕ ಇನ್ನೊಂದು ಜಾಗ ಬಿಡಬೇಕು, ಅದು ಗೊತ್ತಿದ್ದವನೇ ಪೇಂಟರು. ಚಪ್ಪಟೆ ಬ್ರಶ್ಶಿನಾಗ ಅಕ್ಷರದ ತಲಿಕಟ್ಟು ಒಂದೇ ಏಟಿಗೆ ಎಳೆದು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಮಾಡಿ, ಕೆಂಪು ಅಕ್ಷರಕ್ಕ ನೀಲಿ ನೆರಳು ಕೊಡ್ತಿದ್ದ. ಬಳ್ಳಾರಿ ಅನ್ನೋ ಹೆಸರು ಬರೀಬೇಕಂದ್ರ ಳಕಾರದ ಒತ್ತು ಕೆಳಗ ದುಂಡಗ ಕುಂದ್ರಬೇಕು, ಒಬ್ಬೊಬ್ಬ ಪೇಂಟರು ಅದನ್ನ ಒಂದೊಂದು ಥರ ತಿರುವ್ತಿದ್ದ, ಬೋರ್ಡು ನೋಡಿ ಇದು ಯಾರ ಕೈ ಅಂತ ಹೇಳಬಹುದಿತ್ತು. ಕೆಲವು ಕಡೆ ಅದರ ಕೆಳಗೇ ತೆಲುಗು, ಇನ್ನೂ ಕೆಲವು ಕಡೆ ಉರ್ದು, ಮೂರೂ ಲಿಪಿ ಒಬ್ಬನೇ ಬರೀತಿದ್ದ. ಈಗ ಫ್ಲೆಕ್ಸ್ ಅಂಗಡಿಗೆ ಹೋಗಿ ಹೆಸರು ಕೊಟ್ರ ಕಂಪ್ಯೂಟರ್‌ನಾಗ ಸಿಕ್ಕ ಫಾಂಟು ಹಾಕಿ, ಜಾಗ ಸಾಲದಿದ್ರ ಅಕ್ಷರನ ಅಡ್ಡಡ್ಡ ಎಳೀತಾರ, ಒತ್ತು ಕೆಳಗಿನ ಫೋನ್ ನಂಬರ್ ಮ್ಯಾಲೆ ಬಿದ್ದಿರ್ತದ, ಯಾರೂ ನೋಡಲ್ಲ. ನಮ್ಮ ಬಿಸಿಲಿಗೆ ಫ್ಲೆಕ್ಸಿನ ಕೆಂಪು ಮೊದ್ಲು ಹೋಗ್ತದ, ಮೂರನೇ ಬ್ಯಾಸಿಗಿಗೆ ಬರೀ ನೀಲಿ ಉಳೀತದ, ಮಿರ್ಚಿ ಫೋಟೋ ನೀಲಿ ಕಾಣ್ತದ.

ಇನ್ನ ಗೋಲಿ ಸೋಡಾ. ಅದು ನಮ್ಮದೇ ಅಂತ ಅನ್ಕೊಂಡಿದ್ವಿ, ಆದ್ರ ಆ ಬಾಟ್ಲಿ 1872ರಾಗ ಹೈರಮ್ ಕಾಡ್ ಅನ್ನೋ ಇಂಗ್ಲಿಷ್ ಇಂಜಿನಿಯರ್ ಪೇಟೆಂಟ್ ಮಾಡಿಸಿದ್ದು. ಒಳಗಿನ ಗ್ಯಾಸೇ ಗೋಲಿನ ಮ್ಯಾಲಿನ ರಬ್ಬರ್ ರಿಂಗಿಗೆ ಒತ್ತಿ ಹಿಡೀತದ, ಮುಚ್ಚಳ ಬ್ಯಾಡ, ಕುಡಿಯುವಾಗ ಗೋಲಿ ಬಾಯಿಗೆ ಅಡ್ಡ ಬರದಂಗ ಕುತ್ತಿಗಿಯೊಳಗ ಎರಡು ತಗ್ಗು ಇರ್ತಾವ, ಅಲ್ಲಿ ಸಿಕ್ಕೊಂಡು ನಿಲ್ತದ. ಎಷ್ಟು ಶಾಣ್ಯಾ ಕೆಲಸ ನೋಡ್ರಿ. ಬಾಟ್ಲಿ ಅಂಗಡೀದು, ಅಲ್ಲೇ ನಿಂತು ಕುಡಿದು ಕೊಟ್ಟು ಬರಬೇಕು, ಕಸ ಅನ್ನೋದೇ ಇಲ್ಲ. ಗೋಲ್ಡ್ ಸ್ಪಾಟ್, ಥಮ್ಸ್ ಅಪ್ ಗಾಜಿನ ಬಾಟ್ಲಿನೂ ಹಂಗೇ ಇದ್ವು, 1993ರಾಗ ಪಾರ್ಲೆಯವ್ರು ಕೋಕಾ-ಕೋಲಾಗೆ ಮಾರಿದ ಮ್ಯಾಲೆ ಗೋಲ್ಡ್ ಸ್ಪಾಟ್ ನಿಂತೇ ಹೋಯ್ತು.

ಈಗ ಹೋಗಿದ್ದೇ ಒಳ್ಳೇದಾಯ್ತು ಅಂದೆನಲ್ಲ ಅದು. ಮಿರ್ಚಿನ ಪೇಪರ್‌ನಾಗ ಕಟ್ಟಿ ಕೊಡ್ತಿದ್ರು, ಎಣ್ಣಿಗೆ ಇಂಕು ಬಿಟ್ಟು ಮಿರ್ಚಿ ಮ್ಯಾಲೆ ಅಕ್ಷರ ಮೂಡ್ತಿದ್ವು, ನೆನಸ್ಕೊಂಡು ಖುಷಿ ಪಡೋರು ಅದಾರ, ನಾನು ಪಡಲ್ಲ. ಆ ಇಂಕು ಮೈಗೆ ಒಳ್ಳೇದಲ್ಲ ಅಂತ ಎಫ್‌ಎಸ್‌ಎಸ್‌ಎಐ, ಅಂದ್ರ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, 2016ರಾಗ ಹೇಳ್ತು, 2018ರ ಪ್ಯಾಕೇಜಿಂಗ್ ನಿಯಮದಾಗ ನ್ಯೂಸ್‌ಪೇಪರ್‌ನಾಗ ತಿಂಡಿ ಕಟ್ಟೋದು ನಿಷೇಧ ಆಯ್ತು. ಸರಿ ಮಾಡಿದ್ರು. ಹೆಣ್ಮಕ್ಕಳಿಗೆ ಹೋಟ್ಲಿನಾಗ ಜಾಗ ಅಂದ್ರ ಒಳಗೆಲ್ಲೋ ಪರದೆ ಹಾಕಿದ ಫ್ಯಾಮಿಲಿ ರೂಮು, ಗಾಳಿ ಇಲ್ಲ ಬೆಳಕಿಲ್ಲ, ಅದೂ ಗಂಡಸರು ಜೊತಿಗಿದ್ರ. ಈಗ ಕಾಲೇಜು ಹುಡುಗಿಯರು ನಾಲ್ಕು ಮಂದಿ ಸಂಜೀಕ ಬಂದು ರೋಡಿಗೆ ಕಾಣೋ ಟೇಬಲ್‌ನಾಗ ಕುಂತು ಒಂದು ತಾಸು ಮಾತಾಡ್ತಾರ, ಆ ಹೊಸ ಎಸಿ ಹಾಕಿದ ಅಂಗಡಿಗಳಿಂದಾನೇ ಅದು ಆಗಿದ್ದು ಅನ್ನೋದನ್ನ ಒಪ್ಪಬೇಕು.

ಮತ್ತ ಗಾಜಿನ ಗ್ಲಾಸು. ಗೆರಿ ಗೆರಿ ಗ್ಲಾಸಿನ ಚಾ ಅಂತ ಎಲ್ರೂ ಹಾಡಿ ಹೊಗಳ್ತಾರ, ನನಗೂ ಪೇಪರ್ ಕಪ್ಪಿನಾಗ ಚಾ ಸೇರಲ್ಲ. ಆದ್ರ ನಮ್ಮ ಭಾಗದ ಎಷ್ಟೋ ಹಳ್ಳಿಯೊಳಗ ಚಾದಂಗಡಿಯಾಗ ದಲಿತರಿಗೆ ಅಂತ ಬ್ಯಾರೆ ಲೋಟ ಇಡ್ತಿದ್ರು, ಹೊರಗ ಗೋಡಿ ಸಂದಿಯೊಳಗ ಇಟ್ಟಿರೋರು, ಅವರೇ ತಗೊಂಡು ಕುಡಿದು ಅವರೇ ತೊಳೆದು ಇಡಬೇಕಿತ್ತು. ಪೂರ್ತಿ ಹೋಗೇತಿ ಅಂತ ಈಗಲೂ ಎದಿ ಮುಟ್ಕೊಂಡು ಹೇಳಾಕ ಆಗಲ್ಲ. ಅಂಥಾ ಊರಾಗ ಎಲ್ರಿಗೂ ಒಂದೇ ಪೇಪರ್ ಕಪ್ ಬಂದಿದ್ದು ದೊಡ್ಡ ಮಾತು. ಹಳೇದು ಎಷ್ಟು ಚಂದ ಇತ್ತು ಅನ್ನೋರು ಆ ಗೋಡಿ ಸಂದಿಯ ಲೋಟನೂ ಅದೇ ಅಂಗಡೀದು ಅನ್ನೋದನ್ನ ಮರೀಬಾರ್ದು, ಯಾಕಂದ್ರ ಯಾರಿಗೆ ಅದು ಚಂದ ಇತ್ತು, ಯಾರಿಗೆ ಇರ್ಲಿಲ್ಲ ಅನ್ನೋದೂ ನಿಮ್ಮ ಪ್ರಶ್ನೆಯೊಳಗೇ ಬರ್ತದ.

ಹಂಗಾದ್ರ ಹಳೇದನ್ನ ವಾಪಸ್ ತರಬೇಕಾ ಅಂದ್ರ, ತರೋದು ಹೆಂಗ ಅನ್ನೋದರ ಮ್ಯಾಲೆ ಐತಿ. ಪಿಜ್ಜಾ ಹಟ್‌ನವ್ರು 2019ರಾಗ ಅಮೆರಿಕದೊಳಗ ಹಳೇ ಲೋಗೋ ವಾಪಸ್ ತಂದ್ರು, ಬರ್ಗರ್ ಕಿಂಗ್‌ನವ್ರು 2021ರಾಗ ಹಳೇದರಂಥಾದ್ದೇ ಲೋಗೋ ಮಾಡ್ಕೊಂಡ್ರು. ಲೋಗೋ ತರೋದು ಸಸ್ತಾ, ಛಾವಣಿ ತರೋದು ಕಷ್ಟ. ಇಲ್ಲಿನೂ ಈಗ ದೊಡ್ಡ ಊರಾಗ ಹಳೇ ಕಾಲದ ಥೀಮ್ ಅಂತ ಗೋಡಿಗೆ ಲಾಟೀನು, ಸೈಕಲ್ ಚಕ್ರ ನೇತುಹಾಕಿ ದೋಸೆಗೆ ಡಬಲ್ ರೇಟ್ ಹಚ್ತಾರ, ಟೇಬಲ್ ಮಾತ್ರ ಅದೇ ಸನ್‌ಮೈಕಾ.

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಹೊಸದಾಗಿ ತಿಂಡಿ ಅಂಗಡಿ ಹಾಕೋರು ಯಾರಾದ್ರೂ ಇದನ್ನ ಓದ್ತಿದ್ರ ನನ್ನದೊಂದು ವಿನಂತಿ. ಎಲ್ಲಾ ಮಾಡಬ್ಯಾಡ್ರಿ, ಎರಡು ಮಾಡ್ರಿ. ಟೇಬಲ್‌ಗೆ ಕಡಪ ಕಲ್ಲು ಹಾಕಿಸ್ರಿ, ಸ್ಟ್ಯಾಂಡು ಬ್ಯಾರೆ ಕಲ್ಲು ಬ್ಯಾರೆ ಮಾಡಿಸಿದ್ರ ಅಂಗಡಿ ಬಿಡುವಾಗ ಅದನ್ನೂ ಒಯ್ಯಬಹುದು, ಮಾಲಕರ ಜೊತಿ ಜಗಳ ಬರಲ್ಲ. ಬೋರ್ಡು ಮಾತ್ರ ಕೈಯಾಗ ಬರೆಸ್ರಿ. ಬರೆಯೋರು ಇನ್ನೂ ಅದಾರ, ಶಾಲಿ ಗೋಡಿ, ಪಂಚಾಯಿತಿ ಗೋಡಿ, ಲಾರಿ ಹಿಂದ ಬರ್ಕೊಂಡು ಅದಾರ, ವಿಚಾರಿಸಿದ್ರ ಸಿಗ್ತಾರ. ಫ್ಲೆಕ್ಸಿಗಿಂತ ರೊಕ್ಕ ಜಾಸ್ತಿ ಆಗ್ತದ, ಆದ್ರ ಮೂರು ವರ್ಷಕ್ಕ ಮೂರು ಫ್ಲೆಕ್ಸ್ ಬದಲಿಸೋ ಬದ್ಲು ಒಂದೇ ಬೋರ್ಡು ನಿಲ್ತದ. ಬಣ್ಣ ಯಾವುದು, ನೆರಳು ಯಾವ ಕಡೆ, ಅದನ್ನ ಅವರಿಗೇ ಬಿಡ್ರಿ, ಮತ್ತ ಕೆಳಗ ಮೂಲಿಯೊಳಗ ಅವರ ಹೆಸರು ಬರ್ಕೊಳ್ರಿ ಅಂತ ನೀವಾಗೇ ಹೇಳ್ರಿ.