ಸಣ್ಣ ಹುಡುಗುರ ಜೋಡಿ ಹೂರಣ ತುಂಬಿದ ಕುಕೀಸ್: ಜಾಮ್ ಯಾಕ ಹೊರಗ ಹರೀತೈತಿ, ಖಜೂರ ಯಾಕ ಹರಿಯೂದಿಲ್ಲ

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾವು ಬೆಳಗಾವಿ ಟಿಳಕವಾಡಿಯವ್ರು, ನನಗ ಇಬ್ರು ಮಕ್ಕಳು, ಮಗಳಿಗೆ 7 ವರ್ಷ ಮಗಗ 4 ವರ್ಷ. ಹೋದ ಕ್ರಿಸ್ಮಸ್ ಸೂಟಿಯಾಗ ಜಾಮ್ ತುಂಬಿದ ಕುಕೀಸ್ ಮಾಡಾಕ ಹೋಗಿ ಜಾಮೆಲ್ಲಾ ಹೊರಗ ಹರಿದು ಟ್ರೇಕ್ಕ ಅಂಟ್ಕೊಂಡು ಕರ್ರಗಾತು, ಹಿಟ್ಟು ಕೈಗೆ ಹತ್ತಾಕತ್ತಿತು ಅಂತ ಸಣ್ಣಾಂವ ಅಳಾಕ ಶುರು ಮಾಡಿದ, ದೊಡ್ಡಾಕಿ ಎಲ್ಲಾ ನಾನ ಮಾಡ್ತೀನಿ ಅಂತ ಜಗಳ. ಈ ಸಲ ದೀಪಾವಳಿ ಫರಾಳದ ಜೋಡಿ ಮತ್ತ ಮಾಡ್ಬೇಕು ಅಂತ ಇಬ್ರೂ ಗಂಟ್ ಬಿದ್ದಾರ. ತತ್ತಿ ಹಾಕೂದಿಲ್ಲರಿ ನಾವು. ಸರಳ ಆಗೂ ಹಂಗ ಹೇಳ್ರಿ.

ಉತ್ತರ: ನಮಸ್ಕಾರ್ರಿ. ಮೊದಲ ಆ ಜಾಮ್ ಮ್ಯಾಟರ್ ಮುಗಿಸೋಣು. ಜಾಮ್‌ನ್ಯಾಗ ನೀರು ಇರ್ತೈತಿ, ಸಕ್ಕರಿ ಇರ್ತೈತಿ, ಓವನ್ ಬಿಸಿಗೆ ಅದು ತೆಳ್ಳಗಾಗಿ ಕುದೀತೈತಿ, ನೀರು ಉಗಿ ಆಗ್ತೈತಿ, ಆ ಉಗಿ ದಾರಿ ಹುಡುಕ್ತೈತಿ, ಹುಡುಗುರು ಒತ್ತಿ ಮುಚ್ಚಿದ ಬಾಯಿ ಎಲ್ಲೆ ಸಡಿಲ ಐತಿ ಅಲ್ಲೇ ಒಡಕೊಂಡು ಬರ್ತೈತಿ. ದೊಡ್ಡವ್ರು ಮಾಡಿದ್ರೂ ಬರ್ತೈತಿ, ಅದಕ್ಕ ಹುಡುಗುರಿಗೆ ಬೈಬ್ಯಾಡ್ರಿ. ಹಿಂಗಾಗಿ ನನ್ನ ಅಭಿಪ್ರಾಯ ಏನಂದ್ರ ಆರು-ಏಳು ವರ್ಷದೊಳಗಿನ ಹುಡುಗುರ ಜೋಡಿ ಮಾಡೂದಾದ್ರ ಮುಚ್ಚಿ ಬೇಯಿಸೂ ಕುಕೀಸ್‌ಗೆ ಜಾಮ್ ಬ್ಯಾಡೇ ಬ್ಯಾಡ, ಒಣ ಹೂರಣ ತಗೋರಿ. ನಮ್ಮ ಕರಚಿಕಾಯಿ ನೋಡ್ರಿ, ಒಣಕೊಬ್ರಿ, ಪುಟಾಣಿ ಹಿಟ್ಟು, ಸಕ್ಕರಿ, ಗಸಗಸಿ, ಎಲ್ಲಾ ಒಣಾವ. ಹಸಿ ಹೂರಣ ಹಾಕಿದ್ರ ಎಣ್ಣ್ಯಾಗ ಬಾಯಿ ಬಿಡ್ತಾವು ಅಂತ ನಿಮ್ಮ ಅತ್ತಿಯವ್ರಿಗೆ ಯಾವಾಗಿಂದಲೋ ಗೊತ್ತೈತಿ, ಅದೇ ಲೆಕ್ಕ ಇಲ್ಲೂ.

ಒಣ ಹೂರಣ ಅಂದ್ರ ಪುಡಿಪುಡಿ ಇದ್ರ ಸಣ್ಣಾಂವನ ಕೈಯಾಗಿಂದ ಉದುರಿ ನೆಲಾ ತುಂಬ್ತೈತಿ. ಅದಕ್ಕ ಕರದಂಟಿನ ಸಾಮಾನು ತಗೋರಿ, ಆದ್ರ ಅಂಟು ಮತ್ತ ಬೆಲ್ಲದ ಪಾಕ ಬಿಟ್ಟು. ಗೋಕಾಕ ಕರದಂಟು ಛಲೋನೋ ಅಮೀನಗಡದ್ದು ಛಲೋನೋ ಅನ್ನೂ ಜಗಳಕ್ಕ ನಾ ಬರೂದಿಲ್ಲ, ಎರಡೂ ಕಡೆ ಹುರಿದ ಅಂಟು, ಬಿಸಿ ಬೆಲ್ಲದ ಪಾಕ ಬೇಕ ಬೇಕು, ಪಾಕ ಸಣ್ಣ ಹುಡುಗುರ ಸನೇಕ್ಕ ತರೂ ವಸ್ತು ಅಲ್ಲ, ಕೈ ಮ್ಯಾಲ ಬಿದ್ರ ಅಂಟ್ಕೊಂಡ ಸುಡ್ತೈತಿ. ನಮಗ ಜಿಗಿ ಬೇಕು ಅಷ್ಟ, ಅದನ್ನ ಮೆತ್ತನ ಖಜೂರ ಕೊಡ್ತೈತಿ.

ಹೂರಣಕ್ಕ: ಬೀಜ ತಗದ ಮೆತ್ತನ ಖಜೂರ 120 ಗ್ರಾಂ, ಒಣಕೊಬ್ರಿ ತುರಿ 40 ಗ್ರಾಂ, ಗೋಡಂಬಿ-ಬದಾಮಿ ಹುರಿದು ತರಿತರಿ ಪುಡಿ ಮಾಡಿದ್ದು 40 ಗ್ರಾಂ, ವಿಜಯಪುರದ ಒಣದ್ರಾಕ್ಷಿ ಒಂದು ಹಿಡಿ ಸಣ್ಣಗ ಹೆಚ್ಚಿ, ತುಪ್ಪ ಒಂದು ಚಮಚ, ಯಾಲಕ್ಕಿ. ಖಜೂರ ಮಿಕ್ಸರ್‌ನ್ಯಾಗ ತಿರುವಿ ಉಳಿದದ್ದು ಕಲಸಿದ್ರ ಮುಗೀತು, ಗೋಡಂಬಿ-ಬದಾಮಿ ಹುರಿಯೂದು ಬಿಟ್ರ ಒಲಿ ಹಚ್ಚೂ ಹಂಗ ಇಲ್ಲ. ಬೀಜ ತಗದದ್ದು ಅಂತ ಪಾಕೀಟ ಮ್ಯಾಲ ಬರದಿದ್ರೂ ಒಂದೊಂದು ಬಿಡಿಸಿ ನೋಡ್ರಿ, ಒಂದೆರಡು ಬೀಜ ಉಳಿದಿರ್ತಾವು. ಈ ಕೆಲಸ ಮಗಳಿಗೆ ಕೊಡ್ರಿ, ಏಳು ವರ್ಷದಾಕಿಗೆ ಬೀಜ ಹುಡುಕೂದು ಭಾಳ ಖುಷಿ. ಗೋಡಂಬಿ ಇಡಿಯಾಗಿ ಹಾಕಬ್ಯಾಡ್ರಿ, ಐದು ವರ್ಷದೊಳಗಿನ ಹುಡುಗುರಿಗೆ ಇಡೀ ಗೋಡಂಬಿ, ಬದಾಮಿ, ಶೇಂಗಾ ಗಂಟಲದಾಗ ಸಿಕ್ಕೊಳ್ಳೂ ಭಯ ಇರ್ತೈತಿ. ಓಣಿ ಹುಡುಗುರನ್ನೂ ಕರೀತೀರಂದ್ರ ಯಾರಿಗರೇ ಶೇಂಗಾ, ಗೋಡಂಬಿ ಆಗಿಬರೂದಿಲ್ಲೇನು ಅಂತ ಅವರವ್ವಗ ಮೊದಲ ಒಂದು ಮಾತು ಕೇಳ್ರಿ.

ಹಿಟ್ಟಿಗೆ: ಮೈದಾ 200 ಗ್ರಾಂ, ಚಿರೋಟಿ ರವಾ 50, ಉಪ್ಪಿಲ್ಲದ ಬೆಣ್ಣಿ 125, ಪುಡಿ ಸಕ್ಕರಿ 70, ಚಿಟಿಕಿ ಉಪ್ಪು, ಹಾಲು ಎರಡು-ಮೂರು ದೊಡ್ಡ ಚಮಚ. ರವಾ ಹಾಕಿದ್ರ ಕರುಮ್ ಅಂತೈತಿ. ಲೆಬನಾನ್, ಸಿರಿಯಾ ಕಡೆ ಈದ್‌ಗೂ ಈಸ್ಟರ್‌ಗೂ ಮಾಮೂಲ್ ಅಂತ ಖಜೂರ ತುಂಬಿದ ಕುಕೀಸ್ ಮಾಡ್ತಾರ, ಅದರಾಗೂ ರವಾ ಇರ್ತೈತಿ, ಕೆತ್ತಿದ ಕಟಗಿ ಅಚ್ಚಿನ್ಯಾಗ ಒತ್ತಿ ತಗೀತಾರ. ಮನ್ಯಾಗ ಬೆಣ್ಣಿ ಬದಲಿ ತುಪ್ಪ ಐತಿ ಅಂದ್ರ 125 ಬ್ಯಾಡ, 100 ಗ್ರಾಂ ಸಾಕು, ಯಾಕಂದ್ರ ಬೆಣ್ಣ್ಯಾಗ ಸುಮಾರು 80 ಭಾಗ ಅಷ್ಟ ಕೊಬ್ಬು, ಉಳಿದದ್ದು ಬಹುತೇಕ ನೀರು, ತುಪ್ಪದಾಗ ಆ ನೀರು ಇರೂದಿಲ್ಲ. ಹಂಗಾಗಿ ಹಾಲು ಒಂದು ಚಮಚ ಹೆಚ್ಚಿಗೆ ಹಾಕ್ರಿ. ತುಪ್ಪ ಕರಗಿಸಿ ಹಾಕಬಾರ್ದು, ಗಟ್ಟಿ ಇರೂದ ಹಾಕ್ರಿ.

ಬೆಣ್ಣಿ-ಸಕ್ಕರಿ ತಿಕ್ಕಿ, ಹಿಟ್ಟು ಹಾಕಿ, ಹಾಲು ಹನಿಸಿ ಒಂದು ಮುದ್ದಿ ಆಗೂಮಟ ಅಷ್ಟ ಕೂಡಿಸ್ರಿ, ಚಪಾತಿ ಹಿಟ್ಟು ನಾದಿದಂಗ ನಾದಿದ್ರ ಮೈದಾದಾಗ ಜಿಗುಟು ಬಂದು ಕುಕೀಸ್ ಬಿರುಸ ಆಗ್ತಾವು. ಇದನ್ನ ಹಿಂದಿನ ದಿನ ರಾತ್ರಿ ಹುಡುಗುರು ಮಲಗಿದ ಮ್ಯಾಲ ನೀವ ಮಾಡಿ ಫ್ರಿಜ್‌ನ್ಯಾಗ ಇಡ್ರಿ. ಹೋದ ಸಲ ನಿಮ್ಮನ್ಯಾಗ ಕೆಟ್ಟಿದ್ದು ಇದ ಜಾಗಾ ಇರಬೇಕು ಅನ್ನಿಸ್ತೈತಿ ನನಗ, ಅಳತಿ, ಕಲಸೂದು, ತುಂಬೂದು, ಬೇಯಿಸೂದು ಎಲ್ಲಾ ಒಂದ ಮುಂಜಾನಿ ಮಾಡಾಕ ಹೋದ್ರ ನಾಲ್ಕು ವರ್ಷದ ಕೂಸು ಅಲ್ಲೀಮಟ ತಡಕೊಳ್ಳೂದಿಲ್ಲರಿ, ಅರ್ಧ ತಾಸಿನ ಮ್ಯಾಲ ಅದರ ಮನಸ್ಸು ಎಲ್ಲೋ ಓಡ್ತೈತಿ, ಅದೂ ದೀಪಾವಳ್ಯಾಗ ಹೊರಗ ಹುಡುಗುರು ಮಣ್ಣಿನ ಕಿಲ್ಲಾ ಕಟ್ಟಾಕತ್ತಿರ್ತಾವು. ಹುಡುಗುರಿಗೆ ಸಿಗೂ ಆ ಅರ್ಧ ತಾಸು ತುಂಬೂದಕ್ಕ, ಒತ್ತೂದಕ್ಕ ಇರ್ಲಿ, ಅದ ಮಜಾ ಇರೂ ಭಾಗ.

ಮರುದಿನ ಹಿಟ್ಟು ಹೊರಗ ತಗದು ಒಂದು ಹದಿನೈದು ನಿಮಿಷ ಬಿಟ್ಟು ಇಬ್ರಿಗೂ ಬ್ಯಾರೆ ಬ್ಯಾರೆ ತಾಟು, ಬ್ಯಾರೆ ಬ್ಯಾರೆ ಟ್ರೇ ಕೊಡ್ರಿ, ಒಂದ ಟ್ರೇ ಆದ್ರ ನಡುವ ಹಿಟ್ಟಿನ ಗೆರಿ ಹಾಕ್ರಿ. ಸಣ್ಣಾಂವಗ ಹೂರಣದ ಗುಂಡ ಮಾಡೂ ಕೆಲಸ, ಸಣ್ಣ ಗೋಲಿ ಸೈಜು, ಸುಮಾರು 8-9 ಗ್ರಾಂ. ದೊಡ್ಡಾಕಿಗೆ ತೂಕದ ಕಾಟಾ ಕೊಟ್ಟು 20 ಗ್ರಾಮಿನ ಹಿಟ್ಟಿನ ಉಂಡಿ ಮಾಡ್ಸ್ರಿ, ಅಕಿಗೆ ಅಂಕಿ ನೋಡೂ ಹುರುಪು ಇರ್ತೈತಿ. 24ರ ಆಸುಪಾಸು ಆಗ್ತಾವು. ಉಂಡಿ ಹೋಳಿಗಿ ಕಣಕದಂಗ ಅಂಗೈಯಾಗ ಅಗಲ ಮಾಡಿ, ಗೋಲಿ ನಡುವ ಇಟ್ಟು, ಸುತ್ತ ಎಳದು ಮುಚ್ಚಿ, ಮುಚ್ಚಿದ ಬಾಯಿ ಕೆಳಗ ಮಾಡಿ ಟ್ರೇ ಮ್ಯಾಲ ಇಟ್ಟು ಸ್ವಲ್ಪ ಒತ್ತೂದು. ಮ್ಯಾಲ ಫೋರ್ಕ್‌ಲೆ ಒಂದೆರಡು ಸಲ ಚುಚ್ಚಿದ್ರ ಉಗಿ ಹೋಗಾಕ ದಾರಿ ಆತು, ಡಿಸೈನೂ ಆತು, ಈ ಚುಚ್ಚೂ ಕೆಲಸಕ್ಕ ಇಬ್ರೂ ಜಗಳಾಡ್ತಾರ ನೋಡ್ರಿ, ಎರಡು ಫೋರ್ಕ್ ಇಡ್ರಿ. ಹುಡುಗುರ ಕೈ ಬಿಸಿಗೆ ಬೆಣ್ಣಿ ಕರಗಿ ಹಿಟ್ಟು ಅಂಟಾಕತ್ತಿದ್ರ ಒಣ ಹಿಟ್ಟು ಉದುರಿಸ್ತಾ ಕೂಡಬ್ಯಾಡ್ರಿ, ಎಲ್ಲಾ ಎತ್ತಿ ಫ್ರಿಜ್‌ನ್ಯಾಗ ಹದಿನೈದು ನಿಮಿಷ ಇಟ್ರ ಸರಿ ಹೋಗ್ತೈತಿ. ಬೇಯಿಸೂಕಿಂತ ಮೊದಲೂ ಹತ್ತು ನಿಮಿಷ ತಣ್ಣಗ ಇಟ್ರ ಆಕಾರ ಹರವೂದಿಲ್ಲ.

ಓವನ್ 170 ಡಿಗ್ರಿ ಮೊದಲ ಕಾಯಿಸ್ಕೊಂಡು 15ರಿಂದ 18 ನಿಮಿಷ. ಮ್ಯಾಲ ಕೆಂಪಾಗೂಮಟ ಕಾಯಬ್ಯಾಡ್ರಿ, ಕೆಳಗಿನ ಅಂಚು ತಿಳಿ ಬಂಗಾರ ಬಣ್ಣ ಬಂದ್ರ ಆತು. ಹೊರಗ ತಗದಾಗ ಮೆತ್ತಗ ಇರ್ತಾವು, ಬೆಂದಿಲ್ಲ ಅಂತ ಮತ್ತ ಒಳಗ ಇಟ್ರ ಆರಿದ ಮ್ಯಾಲ ಕಲ್ಲು. ಮತ್ತ ಕಾಣಾಕ ಛಂದ ಇಲ್ಲ ಅಂತ ಮಗನ ಪಾಲಿನ ಕುಕೀಸ್ ಹಿಂದಿಂದ ನೀವು ಕದ್ದು ಸರಿ ಮಾಡಬ್ಯಾಡ್ರಿ, ಹುಡುಗುರಿಗೆ ಗೊತ್ತಾಗ್ತೈತಿ.

ಪ್ರಶ್ನೆ: ನಮ್ಮ ಮನ್ಯಾಗ ಓವನ್ ಇಲ್ಲರಿ ಮೇಡಂ. ಯೂಟ್ಯೂಬ್‌ನ್ಯಾಗ ಕುಕ್ಕರ್‌ದಾಗ ಉಪ್ಪು ಹಾಕಿ ಮಾಡ್ತಾರಲ್ಲ, ಹಂಗ ಮಾಡಬಹುದೇನು? (ಜಮಖಂಡಿಯಿಂದ ಒಬ್ರು ತಂದಿ)

ಉತ್ತರ: ಅಣ್ಣಾರ, ಮಗಳಿಗೋಸ್ಕರ ನೀವ ಕೇಳಾಕತ್ತೀರಿ, ಖುಷಿ ಆತು. ಕುಕ್ಕರ್ ಬ್ಯಾಡರಿ, ನೀರಿಲ್ಲದ ಒಣ ಕಾಯಿಸೂದಕ್ಕ ಅದನ್ನ ಮಾಡಿಲ್ಲ, ಕುಕ್ಕರೂ ಕೆಡ್ತೈತಿ. ದಪ್ಪ ತಳದ ಅಲ್ಯೂಮಿನಿಯಂ ಪಾತೇಲಿ ತಗದು ತಳಕ್ಕ ಒಂದು ಬೆರಳು ಉಪ್ಪು ಹರವಿ, ಮ್ಯಾಲ ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ, ನಡುವಣ ಉರಿ ಮ್ಯಾಲ ಹತ್ತು-ಹದಿನೈದು ನಿಮಿಷ ಕಾಯಿಸ್ರಿ. ಆಮ್ಯಾಲ ಸಣ್ಣ ಉರಿ ಮಾಡಿ ತಾಟಿನ್ಯಾಗ ಐದಾರು ಕುಕೀಸ್ ಅಷ್ಟ ಇಟ್ಟು 20-25 ನಿಮಿಷ. ಪದೇ ಪದೇ ಮುಚ್ಚಳ ತಗದು ನೋಡಬ್ಯಾಡ್ರಿ. ಕೆಳಗ ಕೆಂಪಾಗ್ತಾವು ಮ್ಯಾಲ ಬೆಳ್ಳಗ ಉಳೀತಾವು, ಅದು ಹಂಗ, ರುಚಿಗೆ ಏನೂ ಆಗೂದಿಲ್ಲ. ಆದ್ರ ಈ ಪದ್ಧತ್ಯಾಗ ಹುಡುಗುರು ಒಲಿ ಕಡೆ ಹಣಿಕಿ ಹಾಕ್ತಾವು, ಪಾತೇಲಿ ಹೊರಗಿನ ಮೈ ಪೂರಾ ಸುಡ್ತಿರ್ತೈತಿ, ಅದಕ್ಕ ತುಂಬೂ ಕೆಲಸ ಪಡಸಾಲ್ಯಾಗ ಚಾಪಿ ಹಾಕಿ ಮಾಡ್ಸ್ರಿ, ಅಡಿಗಿಮನಿಗೆ ಬಿಡಬ್ಯಾಡ್ರಿ.

ಇನ್ನೊಂದು ಹಾದಿ ಐತಿ, ನನಗ ಅದ ಭಾಳ ಸೇರ್ತೈತಿ. ನಮ್ಮ ಕಡೆ ಭಾಳ ಮಂದಿ ದೀಪಾವಳಿ ಮುಂದ ನಾನಕಟಾಯಿ ಸಾಮಾನು ಬೇಕರಿಗೆ ಒಯ್ದು ಬೇಯಿಸ್ಕೊಂಡು ಬರ್ತಿದ್ರು. ನಿಮ್ಮ ಓಣಿ ಬೇಕರಿಯವ್ರು ಪರಿಚಯದವ್ರಿದ್ರ ಮಧ್ಯಾಹ್ನ ಭಟ್ಟಿ ಖಾಲಿ ಇರೂ ಹೊತ್ತಿನ್ಯಾಗ ಕೇಳಿ ನೋಡ್ರಿ. ಮಗಳನ್ನೂ ಕರಕೊಂಡು ಹೋಗ್ರಿ.

ಪ್ರಶ್ನೆ: ನಮ್ಮ ಮೊಮ್ಮಗಳು ಹಸಿ ಹಿಟ್ಟ ತಿಂತಾಳ್ರಿ, ಬ್ಯಾಡ ಅಂದ್ರ ಕೇಳೂದಿಲ್ಲ. ತತ್ತಿ ಹಾಕಿಲ್ಲ ಬಿಡವ್ವ ಏನಾಗ್ತೈತಿ ಅಂತಾಳ ನಮ್ಮ ಸೊಸಿ. ಖರೇನ ಏನೂ ಆಗೂದಿಲ್ಲೇನು? ಮತ್ತ ಇಷ್ಟೆಲ್ಲಾ ಮಾಡೂ ಬದಲಿ ಕರಚಿಕಾಯಿನ ಓವನ್‌ದಾಗ ಬೇಯಿಸಿದ್ರ ಬರೂದಿಲ್ಲೇನು? (ವಿಜಯಪುರದಿಂದ ಒಬ್ರು ಅಜ್ಜಿ)

ಉತ್ತರ: ಅಮ್ಮಾರ, ನಿಮ್ಮ ಸೊಸಿ ಹೇಳೂದು ಅರ್ಧ ಖರೆ. ತತ್ತಿ ಇಲ್ಲಂದ್ರ ಒಂದು ಭಯ ಕಡಿಮಿ ಆತು, ಆದ್ರ ಮೈದಾನೂ ಹಸಿದ ಐತಲ್ಲ. ಗೋದಿ ಹೊಲದಾಗಿಂದ ಬಂದು ಬೀಸಿದ್ದು, ಬೇಯಿಸಿದ್ದಲ್ಲ, ಅದರಾಗ ಸಾಲ್ಮೊನೆಲ್ಲಾ, ಇ. ಕೋಲೈದಂಥ ರೋಗಾಣು ಇರೂ ಸಾಧ್ಯತೆ ಇರ್ತೈತಿ, ಸಣ್ಣ ಹುಡುಗುರಿಗೆ ಅದು ತ್ರಾಸ ಜಾಸ್ತಿ ಕೊಡ್ತೈತಿ. ಬ್ಯಾಡ ಅನ್ನೂಕಿಂತ ಕೈಗೆ ಬ್ಯಾರೆ ಏನರೇ ಕೊಡ್ರಿ, ಖಜೂರದ ಹೂರಣ ಬೇಯಿಸದ ತಿನ್ನೂ ಅಂಥದ್ದ, ಒಂದು ಸಣ್ಣ ಬಟ್ಟಲ ಅಕಿ ಪಾಲಿಗೆ ಅಂತ ತಗದಿಡ್ರಿ. ಹಿಟ್ಟು ಮುಟ್ಟಿದ ಕೈ ಬಾಯಿಗೆ ಹೋಗೂಕಿಂತ ಮೊದಲ ಸಾಬೂನ ಹಚ್ಚಿ ತೊಳಸ್ರಿ.

ಕರಚಿಕಾಯಿ ಓವನ್‌ದಾಗ ಬರ್ತಾವು. ಹಿಟ್ಟಿಗೆ ತುಪ್ಪ ಸ್ವಲ್ಪ ಹೆಚ್ಚಿಗೆ ಹಾಕಿ, ಅಂಚಿಗೆ ಹಾಲು ಸವರಿ ಒತ್ತಿ ಮುಚ್ಚಿ, ಮ್ಯಾಲ ತುಪ್ಪ ಸವರಿ 180 ಡಿಗ್ರಿಗೆ 18-20 ನಿಮಿಷ. ಆದ್ರ ಖರೆ ಹೇಳ್ಬೇಕಂದ್ರ ಕರದ ಕರಚಿಕಾಯಿ ರುಚಿ ಇದಕ್ಕ ಬರೂದಿಲ್ಲ, ಬಿಸ್ಕೀಟಿನಂಗ ಇರ್ತಾವು. ಎಣ್ಣ್ಯಾಗ ಕರಿಯೂದು ನಿಮ್ಮ ಕೈಯಾಗ ಇರ್ಲಿ, ಹೂರಣ ತುಂಬಿ ಅಚ್ಚಿನ್ಯಾಗ ಒತ್ತೂದು ಮೊಮ್ಮಗಳಿಗೆ ಬಿಡ್ರಿ, ನನಗ ಅದ ಸರಿ ಅನ್ನಿಸ್ತೈತಿ. ಕಾದ ಎಣ್ಣಿ ಇದ್ದಲ್ಲಿ ಕೂಸು ಇರಬಾರ್ದು, ಇದರಾಗ ಎರಡು ಮಾತಿಲ್ಲ. ಅಕಸ್ಮಾತ್ ಟ್ರೇಕ್ಕ ಕೈ ತಾಗಿ ಸುಟ್ರ ಟೂತ್‌ಪೇಸ್ಟ್, ತುಪ್ಪ, ಬರ್ಫ ಏನೂ ಹಚ್ಚಬ್ಯಾಡ್ರಿ, ನಳದ ತಣ್ಣೀರ ಕೆಳಗ 20 ನಿಮಿಷ ಹಿಡೀರಿ, ಬೊಬ್ಬಿ ಎದ್ರ ಡಾಕ್ಟರ್‌ಗೆ ತೋರಸ್ರಿ.

ಪ್ರಶ್ನೆ: ನಮ್ಮ ಮಕ್ಕಳಿಗೆ ಆ ಕೆಂಪು ಜಾಮಿನ ಕುಕೀಸ್ ಬೇಕಂತ, ಖಜೂರ ಬ್ಯಾಡಂತ. ಕ್ರಿಸ್ಮಸ್‌ಗೆ ನೆರೆಹೊರಿಯವ್ರಿಗೆ ಡಬ್ಬಿ ತುಂಬಿ ಕೊಡೂದೈತಿ. ಎಷ್ಟು ದಿನ ಇಡಬಹುದು? (ಬೆಳಗಾವಿ ಕ್ಯಾಂಪ್‌ನಿಂದ)

ಉತ್ತರ: ಜಾಮ್ ಬೇಕ ಬೇಕು ಅಂದ್ರ ಮುಚ್ಚಬ್ಯಾಡ್ರಿ. ಅದ ಹಿಟ್ಟಿನ ಸಣ್ಣ ಉಂಡಿ ಮಾಡಿ ಹುಡುಗುರ ಹೆಬ್ಬೆರಳಲೆ ನಡುವ ಗುಂಡಿ ಒತ್ತಸ್ರಿ, ಸಣ್ಣ ಹೆಬ್ಬೆರಳಿನ ಗುಂಡಿಗೆ ಅರ್ಧ ಚಹಾ ಚಮಚ ಜಾಮ್ ಬರೋಬ್ಬರಿ ಹಿಡೀತೈತಿ, ನಮ್ಮ ಹೆಬ್ಬೆರಳಾದ್ರ ಜಾಸ್ತಿ ಹಿಡದು ಉಕ್ಕತೈತಿ. ಮೊದಲ ಖಾಲಿ ಗುಂಡಿನ 8-10 ನಿಮಿಷ ಬೇಯಿಸಿ ಹೊರಗ ತಗದು, ಉಬ್ಬಿದ್ರ ಚಮಚದ ಹಿಂದಿನ ತುದಿಲೆ ನೀವು ಮತ್ತ ಒತ್ತಿ, ಜಾಮ್ ಹಾಕಿ ಇನ್ನೊಂದು ಐದಾರು ನಿಮಿಷ. ಈ ಎರಡನೇ ಸಲದ್ದು ದೊಡ್ಡವ್ರ ಕೆಲಸ, ಟ್ರೇ ಬಿಸಿ ಇರ್ತೈತಿ, ಬಿಸಿ ಜಾಮಂತೂ ಪಾಕದಷ್ಟ ಸುಡ್ತೈತಿ. ಅಷ್ಟೂ ಬ್ಯಾಡಂದ್ರ ಆಸ್ಟ್ರಿಯಾದ ಲಿನ್ಜರ್ ಕುಕೀಸ್ ತರಾ ಮಾಡ್ರಿ: ಹಿಟ್ಟು ಲಟ್ಟಿಸಿ ಗುಂಡಗ ಕತ್ತರಿಸಿ, ಅರ್ಧದಷ್ಟಕ್ಕ ನಡುವ ತೂತು ಹಾಕಿ, ಬೇಯಿಸಿ ಪೂರಾ ಆರಿದ ಮ್ಯಾಲ ಜಾಮ್ ಹಚ್ಚಿ ಒಂದರ ಮ್ಯಾಲ ಒಂದು ಕೂಡಿಸೂದು, ಮ್ಯಾಲ ಪುಡಿ ಸಕ್ಕರಿ. ತೂತು ಹಾಕಾಕ ಸೋಡಾ ಬಾಟ್ಲಿ ಮುಚ್ಚಳ ಸಾಕು. ಹಚ್ಚೂದು, ಕೂಡಿಸೂದು, ಸಕ್ಕರಿ ಉದುರಿಸೂದು ಎಲ್ಲಾ ತಣ್ಣಗಿನ ಕೆಲಸ, ಮೂರು ವರ್ಷದ ಕೂಸೂ ಮಾಡ್ತೈತಿ. ಡಿಸೆಂಬರ್‌ನ್ಯಾಗ ನಿಮ್ಮಲ್ಲಿ ಥಂಡಿ ಇರ್ತೈತಿ, ಫ್ರಿಜ್‌ನ್ಯಾಗಿನ ಹಿಟ್ಟು ಲಟ್ಟಣಿಗಿಗೆ ಬಗ್ಗೂದಿಲ್ಲ, ಅರ್ಧ ತಾಸು ಮೊದಲ ಹೊರಗ ತಗದಿಡ್ರಿ.

ಇಡೂ ವಿಷಯಕ್ಕ ಬಂದ್ರ ಹೂರಣದಾಗಿನ ಹಸಿ ನಿಧಾನಕ್ಕ ಬಿಸ್ಕೀಟಿಗೆ ಇಳೀತೈತಿ, ಅದಕ್ಕ ತುಂಬಿದ ಕುಕೀಸ್ ಸಾದಾ ನಾನಕಟಾಯಿ ಇದ್ದಂಗ ಭಾಳ ದಿನ ಕರುಮ್ ಅನ್ನೂದಿಲ್ಲ. ಖಜೂರದ್ದು ಸ್ಟೀಲ್ ಡಬ್ಬ್ಯಾಗ ಒಂದು ವಾರ ಛಲೋ ಇರ್ತೈತಿ, ಜಾಮಿಂದು ಮೂರ್ನಾಲ್ಕು ದಿನ. ಪೂರಾ ಆರೂಮಟ ಡಬ್ಬಿಗೆ ಹಾಕಬ್ಯಾಡ್ರಿ, ಉಗಿ ಕೂತು ಮೆತ್ತಗಾಗ್ತಾವು, ಎರಡೂ ತರಾ ಒಂದ ಡಬ್ಬ್ಯಾಗೂ ಬ್ಯಾಡ. ಲಿನ್ಜರ್ ತರಾದ್ದು ಆದ್ರ ಖಾಲಿ ಬಿಸ್ಕೀಟು 20ನೇ ತಾರೀಖಿಗೆ ಬೇಯಿಸಿ ಇಟ್ಟು 24ಕ್ಕ ಸಂಜಿಮುಂದ ಜಾಮ್ ಹಚ್ಚಿ ಡಬ್ಬಿ ತುಂಬ್ರಿ. ಒಂದು ಚೀಟಿಮ್ಯಾಲ ಒಳಗ ಗೋಡಂಬಿ, ಬದಾಮಿ ಏನರೇ ಐತಿ ಅಂದ್ರ ಬರದು ಮುಚ್ಚಳಕ್ಕ ಅಂಟಸ್ರಿ, ಅದನ್ನ ಬರಿಯೂ ಕೆಲಸ ಅಕ್ಷರ ಕಲಿಯಾಕತ್ತಿದ ಮಕ್ಕಳಿಗೆ ಕೊಡ್ರಿ.